ಕೈ ಕೊಟ್ಟಾಕಿ

ಬ್ಯಾಡ, ಚಾ ಬ್ಯಾಡ. ಉಮೈಮಾ, ಒಳಗ ಒಯ್ಯವಾ. ನಾ ಚಾ ಕುಡ್ಯಾಕ ಬಂದಿಲ್ಲ. ನಿಮ್ಮತ್ತಿನ್ನ ಒಂದ ಮಾತು ಕೇಳಿ ಹೋಗಾಕ ಬಂದೇನಿ... ಅಕ್ಕಾ, ಈ ಕಡೆ ನೋಡು. ಗ್ವಾಡಿ ನೋಡಬ್ಯಾಡ. ಗ್ವಾಡಿ ಏನ ಹೇಳ್ತೈತಿ? ನನ್ನ ಮಾರಿ ನೋಡಿ ಹೇಳು. ಪೊಲೀಸರ ಮುಂದ ನೀ ಹಂಗ ಹೇಳಿದ್ದು ಖರೇನೋ ಸುಳ್ಳೋ? "ಚಾಕು ಗುತ್ತೆವ್ವನ ಕೈಯಾಗ ಇತ್ತರಿ" ಅಂತ... ಹೇಳಿದಿಯೋ ಇಲ್ಲೋ?

ಹೂಂ. ತಲಿ ಅಲ್ಲಾಡಿಸಿದಿ. ಹೇಳಿದಿ ಅಂದಂಗಾತು.

ಅಯ್ಯ ಯವ್ವಾ! ಮಂದಿ ಹೇಳಿದಾಗ ನಾ ನಂಬಲಿಲ್ಲ ನೋಡು. ಯಲವಿಗಿ ಟೇಶನದಾಗ ಆ ಹೂವಿನಾಕಿ ಬಂದು ಕಿವ್ಯಾಗ ಹೇಳಿದ್ಲು, "ಗುತ್ತೆವ್ವಾ, ರಹಿಮಾಬಿ ನಿನ್ನ ಹೆಸರ ಹೇಳ್ಯಾಳಂತ" ಅಂತ. ನಾ ಆಕಿನ್ನ ಬೈದೆ! "ನಿನ್ನ ನಾಲಿಗ್ಗೆ ಹುಳ ಬೀಳ್ಲಿ, ರಹಿಮಾಬಿ ನನಗ ಒಡಹುಟ್ಟಿದಾಕಿ ಇದ್ದಂಗ, ಒಂದ ಬುತ್ತಿ ಬಿಚ್ಚಿ ಉಂಡಾವ್ರು ನಾವು" ಅಂದೆ. ಟೇಶನ ಮಂದಿ ಎಲ್ಲಾ ಕೇಳೂವಂಗ ಅಂದೆ. ಈಗ ಆ ಮಾರಿ ಹೊತ್ತು ಅಲ್ಲಿ ಹೆಂಗ ಹೋಗ್ಲಿ?

ಯಾಕ ನಗ್ತಿ? ನಗಲಿಲ್ಲಾ? ಮತ್ತ ತುಟಿ ಯಾಕ ಹಂಗ ಮಾಡಿದಿ... ಕೈ ನೋಯಾಕತ್ತೈತೇನ? ನೋವಂತೂ ಇರೂದ, ಮೊಣಕೈ ತನಕ ಪಟ್ಟಿ ಸುತ್ಯಾರ. ನೋವು ನನಗೂ ಐತಿ. ನಂದಕ್ಕ ಪಟ್ಟಿ ಕಟ್ಟಾಕ ಬರಂಗಿಲ್ಲ, ಅಷ್ಟ.

ಸುಮ್ಮನ ಕುಂದ್ರು ನೀ. ನಾನ ಮಾತಾಡ್ತೇನಿ. ನೆನಪೈತೇನ, ನಾ ಅಬಲೂರಿಂದ ಲಗ್ನಾ ಆಗಿ ಬಂದಾಗ ರೈಲು ಅಂದ್ರ ಥರಥರ ನಡಗತಿದ್ದೆ? ಗಾಡಿ ಕೂಗಿದ್ರ ಕಿವಿ ಮುಚ್ಚಿಕೋತಿದ್ದೆ. ನೀನ ಕೈ ಹಿಡದು ಹತ್ತಿಸಿದಿ. "ಬಾರವಾ, ಸೌತಿಕಾಯಿ ಮಾರೂಣು, ಬ್ಯಾಸಗ್ಯಾಗ ಗಾಡಿ ಮಂದಿಗೆ ಇದ್ದಷ್ಟೂ ಸಾಲಂಗಿಲ್ಲ" ಅಂದಿ. ಸವಣೂರ ಸಂತ್ಯಾಗ ಜವಾರಿ ಕಾಯಿ ಆರಿಸೋದು ಕಲಿಸಿದಿ. ಉಪ್ಪು ಖಾರ ಕಲಸೋದು ಕಲಿಸಿದಿ. ಮತ್ತ ಚಾಕು... ಚಾಕು ಇಡೋದನ್ನ ಮೊದಲ ಕಲಿಸಿದಿ ನೋಡು, ಹಿಡಿಯೋದನ್ನ ಆಮ್ಯಾಲ. ಹಸಿ ಅರಿಬ್ಯಾಗ ಸುತ್ತಿ ಬುಟ್ಟಿ ತಳಕ್ಕ ಇಡಬೇಕು, ಕೈಯಾಗ ಹಿಡಕೊಂಡು ಡಬ್ಬ್ಯಾಗ ಅಡ್ಡಾಡಬಾರದು. ಗಾಡಿ ಜಗ್ಗತೈತಿ, ಯಾರ ಮಗ್ಗಲಿಗೆ ಹೋಗ್ತೈತೋ ಏನೋ, ಅದಕ್ಕ ಕುಂತ ಕೊಯ್ಯಬೇಕು. ಯಾರರ "ಚಾಕು ಕೊಡವಾ, ನಾನ ಕೊಯ್ಕೋತೇನಿ" ಅಂದ್ರ ಕೊಡಬಾರದು. "ಅಲಗು ನಮ್ಮದು, ಅದರಿಂದ ಆಗೂ ತಪ್ಪೂ ನಮ್ಮದ" ಅಂತಿದ್ದಿ. ಮಾತು ಏರಿತಂದ್ರ ಮೊದಲ ಚಾಕು ಕೆಳಗ ಇಡು, ಆಮ್ಯಾಲ ಬಾಯಿ ತಗಿ ಅಂತಿದ್ದಿ. ದಿನಾ ಅಂತಿದ್ದಿ! ನನಗ ಬ್ಯಾಸರಾಗಿ, "ಹೂಂ ತಾಯಿ, ಗೊತ್ತಾತು" ಅಂತಿದ್ದೆ.

ಮತ್ತ ಆ ಕುಡದಾಂವ? ಗುಡಗೇರಿ ದಾಟಿದ ಮ್ಯಾಲ ನಿನ್ನ ಸೆರಗ ಹಿಡದು ಜಗ್ಗಿದ್ನಲ್ಲ! ನನ್ನ ಮೈಯಾಗ ಬೆಂಕಿ ಬಿತ್ತು. ನೀ ಏನ ಮಾಡಿದಿ? ಬುಟ್ಟಿನ್ನ ಕಾಲಿಲೆ ಸೀಟಿನ ತಳಕ್ಕ ದೂಡಿದಿ. ಮೊದಲ ಅದನ್ನ ಮಾಡಿದಿ. ಆಮ್ಯಾಲ ಡಬ್ಬಿ ಮಂದಿಗೆಲ್ಲಾ ಕೇಳೂವಂಗ, "ಅಣ್ಣಾರ, ನನ್ನ ತಮ್ಮನ್ನ ಸ್ವಲ್ಪ ಹಿಡೀರಿ, ಬೀಳಾಕತ್ತಾನ" ಅಂದಿ. ಮಂದಿ ಎದ್ದು ಅವನ್ನ ಹಿಡಕೊಂಡು ಕುಂದರಿಸಿದ್ರು. ಮುಂದಿನ ಟೇಶನದಾಗ ನಾವ ಇಳದಬಿಟ್ವಿ. "ಯಾಕ ಇಳಿಯೂದು? ಇನ್ನೂ ಅರ್ಧ ಬುಟ್ಟಿ ಐತಿ, ತಪ್ಪು ಮಾಡಿದಾಂವ ಅವ" ಅಂತ ನಾ ಜಗಳಾ ತಗದೆ. ನೀ ಸೆರಗ ಸರಿ ಮಾಡಿಕೊಂಡು ಅಂದಿ, "ಕಾಯಿ ನಾಳೆ ಮಾರತಾವ."

ಅಂಥಾಕಿ ನೀ. ಅಂಥಾಕಿ ನನ್ನ ಬೆನ್ನಿಗೆ ನಿಂದ್ರಲಿಲ್ಲ ನೋಡು.

ಏನ ಹೇಳಬೇಕಂತಿ? ಶಂಭುಲಿಂಗಂದು ತಪ್ಪಿಲ್ಲಂತಿಯೇನ? ಉಮೈಮಾ, ನಿನಗ ಅವ ಗೊತ್ತಿಲ್ಲವಾ. ಗಾಡ್ಯಾಗ ಚುರಮುರಿ ಗಿರಮಿಟ್ಟು ಮಾರಾಂವ. ಸವಣೂರಾಗಿನ ಅಂಗಡಿ ಮುಚ್ಚಿ ಈ ವರ್ಷ ಗಾಡಿ ಹತ್ಯಾನ, ಹತ್ತಿದ ದಿನಾನ, "ಈ ಡಬ್ಬಿ ನಂದು, ನೀವು ಹಿಂದ ಹೋಗ್ರಿ" ಅಂದ. ಹುಟ್ಟಾ ಬರೂ ಮುಂದ ರೈಲು ತಗೊಂಡು ಬಂದಿದ್ನೇನೋ! ನಿಮ್ಮತ್ತಿ, "ಹೋಗ್ಲಿ ಬಿಡು ಗುತ್ತಿ, ಹಿಂದಿನ ಡಬ್ಬಿಗೆ ಹೋಗೂಣು" ಅಂದ್ಲು. ಹೋದ್ವಿ. ಅಲ್ಲಿಗೂ ಬಂದ. ಮತ್ತ ಹಿಂದ ಸರದ್ವಿ. ಇನ್ನೆಷ್ಟು ಸರಿಯೂದು? ಗಾಡಿಗೂ ಒಂದ ಕಡೀ ಡಬ್ಬಿ ಅಂತ ಇರತೈತಿಲ್ಲ!

ಆವತ್ತ ಆ ಕಡೀ ಡಬ್ಬ್ಯಾಗ ಇದ್ವಿ. ಕಿಡಕಿ ಹಂತ್ಯಾಕ ಗಂಡಾ ಹೇಂತಿ ಕುಂತಿದ್ರು, ಛಂದ ಮಂದಿ. ಆಕಿ, "ಒಂದು ಎಳೀದು ಕೊಯ್ದು ಕೊಡಬೇ" ಅಂದ್ಲು. ನಾ ಕೆಳಗ ಕುಂತು ಕೊಯ್ದೆ, ಉಪ್ಪು ಖಾರ ಸವರಿದೆ, ಕೊಟ್ಟೆ. ಆಕಿ ಬಾಯಿ ತನಕ ಒಯ್ದಿದ್ಲು. ಅಷ್ಟರಾಗ ಅವ ಬಾಗಲಾಗ ನಿಂತು, ಏನಂದ ಅಕ್ಕಾ? ನೀನ ಹೇಳು ಏನಂದ... ಹೇಳಂಗಿಲ್ಲಾ? ನಾ ಹೇಳ್ತೇನಿ. "ಯಕ್ಕಾರ, ಕೊಯ್ದಾಕಿ ಯಾವ ಓಣ್ಯಾಕಿ ಅಂತ ಮೊದಲ ಕೇಳ್ರಿ, ಆಮ್ಯಾಲ ತಿನ್ರಿ."

ನಗಕೋತ ಅಂದ.

ಆಕಿ ಕಾಯಿ ನೋಡಿದ್ಲು. ನನ್ನ ನೋಡಿದ್ಲು. ಒಗದಿದ್ರ ಪಾಡಿತ್ತು ಅಕ್ಕಾ, ನಾಕ ಮಾತು ಬೈದು ಹಗರಾಗತಿದ್ದೆ. ಒಗೀಲಿಲ್ಲ. ಸಾವಕಾಶ ಸೀಟಿನ ಮ್ಯಾಲ ಇಟ್ಲು. ಸೆರಗಿಲೆ ಬೆರಳ ಒರಿಸಿಕೊಂಡ್ಲು, ಒಂದೊಂದ ಬೆರಳ... ಗಂಡ ಕಿಡಕಿ ಹೊರಗ ನೋಡಿದ. ಡಬ್ಬಿ ಮಂದಿ ಎಲ್ಲಾರೂ ಕಿಡಕಿ ಹೊರಗ ನೋಡಿದ್ರು. ಹೊರಗ ಏನಿತ್ತು? ಹೊಲಾ ಇತ್ತು. ಇಷ್ಟು ವರ್ಷ ನನ್ನ ಕೈಲೆ ತಿಂದ ಮಂದಿ!

ಇದನ್ನ ನೀ ನಿನ್ನ ಕಣ್ಣಿಲೆ ಕಂಡಿ. ಕಂಡೂ ಪೊಲೀಸರ ಮುಂದ ಇದನ್ನ ಬಿಟ್ಟು ಬರೇ ಚಾಕು ಹೇಳಿದಿ. ಚಾಕು ಎಲ್ಲಾರಿಗೂ ಕಾಣತೈತಿ ಅಕ್ಕಾ. ಅವ ಅಂದ ಮಾತು ಎಲ್ಲಿ ಬಡದದ್ದು ಅಂತ ಯಾರಿಗೆ ಕಾಣತೈತಿ?

ಆಮ್ಯಾಲ ಆಗಿದ್ದು ನಾ ಹೇಳಿದ್ದ ಖರೆ. ಅವ ಬಂದು ನನ್ನ ಬುಟ್ಟಿಗೆ ಕೈ ಹಾಕಿದ, ಅರಿಬಿ ಜಗ್ಗಿದ, ಚಾಕು ಅವನ ಕೈಗೆ ಸಿಕ್ತು, ಬೀಸಿದ. ನೀ ನಡುವ ಬಂದಿ, ನಿನ್ನ ಕೈಗೆ ಬಡೀತು. ಪೊಲೀಸರಿಗೂ ಹಿಂಗ ಹೇಳೇನಿ. ಡಬ್ಬಿ ಮಂದಿ ಒಬ್ರೂ ನಿಂದ್ರಲಿಲ್ಲ, ಗಂಟು ಮೂಟಿ ಎತ್ತಿಕೊಂಡು ಇಳದು ಹೋದ್ರು. ನನ್ನ ಮಾತಿನ ಮ್ಯಾಲ ಪೊಲೀಸರು ಅವನ್ನ ಒಯ್ದ್ರು. ಒಯ್ಯಲಿ! ಒಳಗ ಕುಂತು ವಿಚಾರ ಮಾಡ್ಲಿ, ಯಾರು ಯಾವ ಓಣ್ಯಾವ್ರು ಅಂತ!

ನೀ ಸುಮ್ಮನ ಇದ್ದಿದ್ರ ಆಗಿತ್ತು. ಅಷ್ಟ ಕೇಳಿದ್ದು ನಾ. ದವಾಖಾನ್ಯಾಗ ಮಲಗಿದಾಕಿ, "ಏನೂ ನೆನಪಿಲ್ಲರಿ" ಅಂದಿದ್ರ ಯಾರ ಏನ ಅಂತಿದ್ರು? ಅವನ ಹೇಂತಿ ರಂಜನಾ ಬಂದಿದ್ಲಂತಲ್ಲ, ನಿನ್ನ ಮಂಚದ ಹಂತ್ಯಾಕ ನಿಂತು ಅತ್ಲಂತಲ್ಲ. ಆಕಿ ಕಣ್ಣೀರು ಕಂಡ್ವು ನಿನಗ. ನನ್ನವು ಕಾಣಲಿಲ್ಲ. ಆಕಿ ಯಾರ ನಿನಗ? ನಿನ್ನ ಬಾಣಂತನಾ ಮಾಡಿದ್ಲೇನ? ನಿನ್ನ ಗಂಡ ತೀರಿಕೊಂಡಾಗ ಬಾಗಲಾಗ ಕುಂತಿದ್ಲೇನ? ನಾ ಕುಂತಿದ್ದೆ! ನಾ!

...ಯಾಕ? ಯಾಕ ಬಿಚ್ಚಾಕತ್ತಿ? ಏ, ಬ್ಯಾಡ! ಉಮೈಮಾ, ಬಾರವಾ ಇಲ್ಲೆ, ನಿಮ್ಮತ್ತಿ ಪಟ್ಟಿ ಬಿಚ್ಚಾಕತ್ತಾಳ! ಹಿಡೀ ಆಕಿನ್ನ... ಯಾಕ ನಿಂತಿ? ಬಿಡಸು! ಅಕ್ಕಾ, ನನಗ ತೋರಿಸಬ್ಯಾಡ. ನಾ ನೋಡಂಗಿಲ್ಲ. ನೋಡಂಗಿಲ್ಲ ಅಂದ್ರ ನೋಡಂಗಿಲ್ಲ...

...

ನಾಕೂ ಬೆರಳಿಗೆ. ಒಳ ಮಗ್ಗಲಾಗ. ಈ ಕಡಿಂದ ಆ ಕಡಿಗೆ ಒಂದ ಗೆರಿ ಎಳದಂಗ... ಮತ್ತ ಅಂಗೈಯಾಗ ಒಂದು.

ಬೀಸಿದ ಚಾಕು ಹಿಂಗ ಕೊಯ್ಯಂಗಿಲ್ಲ.

ಹಂಗ ನೋಡಬ್ಯಾಡ ಅಕ್ಕಾ. ನನಗೂ ಗೊತ್ತಾಗ್ತೈತಿ. ದಿನಾ ಚಾಕು ಹಿಡಿಯಾಕಿ ನಾ. ಇದು ಬಡದ ಗಾಯ ಅಲ್ಲ. ಅಲಗನ್ನ ಮುಷ್ಟಿ ಮಾಡಿ ಹಿಡದ ಗಾಯ.

ನನ್ನ ಕೈಯಾಗ ಇತ್ತು. ಆಕಿಗೆ ಕಾಯಿ ಕೊಯ್ದು ಕೊಟ್ಟಿದ್ದೆ, ಚಾಕು ಹಂಗ ಕೈಯಾಗ ಉಳದಿತ್ತು. ಕೆಳಗ ಇಡಬೇಕಂತ ನೆನಪಾತು. ದೇವರಾಣಿ ನೆನಪಾತು, ನಿನ್ನ ದನಿ ಕೇಳಿದಂಗ ಆತು. ಇಡಲಿಲ್ಲ. ಎದ್ದೆ. ಅವ ಇನ್ನೂ ನಗತಿದ್ದ. ನನಗ ಅವನ ಹೊಟ್ಟಿ ಒಂದ ಕಾಣತಿತ್ತು, ಅಂಗಿಯ ಒಂದ ಗುಂಡಿ ಕಾಣತಿತ್ತು, ಮತ್ತೇನೂ ಇಲ್ಲ. ಅವ ಬುಟ್ಟಿ ಮುಟ್ಟಲಿಲ್ಲ. ನನ್ನ ಕೈ ಮುಂದ ಹೋತು... ಹೋಗಿ ನಿಂತುಬಿಡ್ತು. ಯಾಕ ನಿಂತಿತಂತ ನೋಡಿದ್ರ ನಿನ್ನ ಮುಷ್ಟಿ. ಚೀರಲೂ ಇಲ್ಲ ನೀ. "ಬಿಡು ಗುತ್ತಿ. ಬಿಡು" ಅಂದಿ, ಕೂಸಿಗೆ ಹೇಳಿದಂಗ.

ನಾ ಬಿಡಲಿಲ್ಲ. ಜಗ್ಗಿದೆ.

ಜಗ್ಗಿದ್ದಕ್ಕ ಇಷ್ಟು ಆಳ ಆತು.

ಅವನ ನಗಿ ನಿಂತಿತ್ತು. ಅಲ್ಲೇ ಕುಸದು ಕುಂತಿದ್ದ, ಮೈಗೆ ಒಂದ ಗೆರಿ ಬಿದ್ದಿರಲಿಲ್ಲ. ನೀ ಹಿಡೀಲಿಲ್ಲಂದ್ರ... ಇವತ್ತ ಆ ರಂಜನಾ ಬ್ಯಾರೇನ ಅಳು ಅಳತಿದ್ಲು. ನಾ ಎಲ್ಲಿ ಇರತಿದ್ದೆ? ಓಣಿ ತುಂಬ ಹೇಳಕೋತ ತಿರಗೇನಿ ಅಕ್ಕಾ, ರಹಿಮಾಬಿ ನನಗ ಕೈ ಕೊಟ್ಲು, ಕೈ ಕೊಟ್ಲು ಅಂತ...

ಬೆರಳ ಮಡಚಾಕ ಬರತಾವೇನ? ಒಮ್ಮೆ ಮಡಚು. ...ಈ ಎರಡು? ಇವೂ ಇಲ್ಲಾ? ಡಾಕ್ಟರು ಏನಂದ್ರವಾ ಉಮೈಮಾ? ಹೊಳ್ಳಿ ಬರತಾವಂತೋ ಇಲ್ಲೋ? ...ಬ್ಯಾಡ, ಹೇಳಬ್ಯಾಡ ಬಿಡು.

ಪಟ್ಟಿ ಸುತ್ತವಾ, ಗಾಳಿ ಹತ್ತಬಾರದು.

ಆದ್ರೂ ಅಕ್ಕಾ, ಅವ ಅಂದದ್ದನ್ನರ ಹೇಳಬೇಕಿತ್ತು ನೀ. ಬರೇ ನನ್ನ ಕೈ ಹೇಳಿ, ಅವನ ಬಾಯಿ ಬಿಟ್ಟಿ... ಏನು? ಹೇಳಿದಿ? ಉಮೈಮಾ, ಖರೇನ? ಮೊದಲ ಅದನ್ನ ಹೇಳಿದ್ಲಾ? ಬರಕೊಂಡ್ರಾ? ...ಅದಕ್ಕೂ ಬ್ಯಾರೆ ಕೇಸ ಆಗ್ತೈತಂತ? ಹಂಗಂತ ಅವರ ಹೇಳಿದ್ರಾ?

ಹೂವಿನಾಕಿ ನನಗ ಅರ್ಧಾ ಹೇಳಿದ್ಲು. ನಾ ಅರ್ಧಾ ಕೇಳಿಕೊಂಡೆ.

ನಾಳೆ ಪೊಲೀಸರು ನನ್ನ ಕರದಾರ. ಹೋಗ್ತೇನಿ. ಅವ ಅಂದದ್ದನ್ನೂ ಹೇಳ್ತೇನಿ, ನಾ ಚಾಕು ಎತ್ತಿದ್ದನ್ನೂ ಹೇಳ್ತೇನಿ. ಅವ ಚಾಕು ಮುಟ್ಟಲಿಲ್ಲ ಅಂತನೂ ಹೇಳ್ತೇನಿ, ಬಾಯಿಗೆ ಬರಲಿಲ್ಲಂದ್ರೂ ಹೇಳ್ತೇನಿ. ಏನಾಗೂದು ಆಗ್ಲಿ.

ಆದ್ರ ಒಂದ ಮಾತು ಎದಿಯಾಗ ಉಳೀತು ನೋಡು. ಅವರಿಗೆ ಹೇಳೂಕಿಂತ ಮೊದಲ ನನಗ ಹೇಳಬೇಕಿತ್ತು. "ಗುತ್ತಿ, ನಾ ಇದ್ದದ್ದು ಇದ್ದಂಗ ಹೇಳಾಕಿ" ಅಂತ ಒಂದ ಮಾತು ಕಳಿಸಬೇಕಿತ್ತು. ಬೈದು ಕಳಿಸಬೇಕಿತ್ತು, ನಾ ಬರತಿದ್ದೆ, ನಿನ್ನ ಕಾಲಾಗ ಬೀಳತಿದ್ದೆ. ಮಂದಿ ಬಾಯಿಂದ ಕೇಳೂವಂಗ ಮಾಡಿದಿ. ಇಷ್ಟು ವರ್ಷದ ಗೆಳತಿಗೆ ಒಂದ ಮಾತು ಕಳಸೂದು ಅಷ್ಟು ಭಾರ ಆತೇನ ನಿನಗ?

ಯಾಕ, ಮತ್ತ ಗ್ವಾಡಿ ನೋಡ್ತಿ? ಉಮೈಮಾ, ನೀ ಯಾಕ ತಲಿ ತಗ್ಗಿಸಿದಿ? ಅತ್ತಿ ಮಾರಿ ನೋಡ್ತಿ, ನೆಲಾ ನೋಡ್ತಿ. ನನ್ನ ಮಾರಿ ಮಾತ್ರ ನೋಡವಲ್ಲಿ...

...ಬ್ಯಾಡ. ಹೇಳಬ್ಯಾಡವಾ. ಇದನ್ನ ನಾನ ಹೇಳಬೇಕು.

ಬಂದಿದ್ದಿ ನೀ, ಉಮೈಮಾ. ಸುಡು ಸುಡು ಬಿಸಲಾಗ ಬಂದು ನನ್ನ ಬಾಗಲಾ ಬಡದಿ. "ಗುತ್ತೆವ್ವ ಖಾಲಾ, ಅತ್ತಿ ಕರ್ಯಾಕತ್ತಾಳ, ಒಮ್ಮೆ ದವಾಖಾನಿಗೆ ಬಾ, ನಿನ್ನ ಕೂಡ ಮಾತಾಡದ ಪೊಲೀಸರಿಗೆ ಏನೂ ಹೇಳಂಗಿಲ್ಲಂತಾಳ" ಅಂದಿ. ಬಾಜೂ ಮನ್ಯಾಕಿ ಹೊರಗ ಬಂದು, "ಆಕಿ ಊರಾಗಿಲ್ಲ, ಅಬಲೂರಿಗೆ ಹೋಗ್ಯಾಳ" ಅಂದ್ಲು. ಹಂಗ ಹೇಳು ಅಂತ ಆಕಿಗೆ ನಾನ ಹೇಳಿದ್ದೆ. ಆದ್ರೂ ನೀ ಹೋಗಲಿಲ್ಲ. ಮತ್ತ ಬಡದಿ, ಮತ್ತ ಕೂಗಿದಿ.

ಒಳಗ ಇದ್ದೆ ಅಕ್ಕಾ. ಚಿಲಕಾ ಹಾಕ್ಕೊಂಡು, ಬಾಗಲಕ್ಕ ಬೆನ್ನ ಹಚ್ಚಿ ಕುಂತಿದ್ದೆ. ಆಕಿ ಬಡದದ್ದು ನನ್ನ ಬೆನ್ನಿಗೆ ಬಡೀತಿತ್ತು.