ಲಾಠಿ ಪೂಜೆಗೆ ಕೂತಿದ್ದ ದಿನ

ಅಲ್ಲ ಕಣೆ ಸಿಂಧು, ನಂಗೆ ತಲೆಗೆ ಹೋಗದೇ ಇರೋದು ಅದೇ. ಈಗ ಫೋನಲ್ಲಿ ಒಂದು ಫೋಟೋ ತೋರಿಸಿದ್ಯಲ್ಲ, ಆಕಾಶಕ್ಕೆ ದುರ್ಬೀನು ಕಳಿಸಿ ತೆಗ್ದಿದ್ದು ಅಂತ, ರಂಗೋಲಿ ಪುಡಿ ಚೆಲ್ಲಿದ ಹಾಗೆ ನಕ್ಷತ್ರ, ಅಲ್ಲಿಂದ ಬೆಳಕು ಹೊರಟು ಇಲ್ಲಿಗೆ ಬರೋಕೆ ಕೋಟಿ ಕೋಟಿ ವರ್ಷ ಅಂತೀಯ. ಸರಿ, ಒಪ್ಕೊಂಡೆ, ಕೈ ಮುಗಿದೆ. ಅಷ್ಟು ದೂರದ್ದು ಕಾಣುತ್ತೆ ಮನುಷ್ಯನಿಗೆ. ಅದೇ ಫೋನಲ್ಲಿ ಬೆರಳು ಒಂಚೂರು ಮೇಲಕ್ಕೆ ತಳ್ಳಿದ್ರೆ ಏನು ಬಂತು? ನಮ್ಮ ಸರ್ಕಲಲ್ಲಿ ಆ ಆಟೋದೋನು ತಾನೇ ಕಾಲು ಜಾರಿ ಬಿದ್ದು ತಲೆ ಒಡ್ಕೊಂಡನಂತೆ, ಪೊಲೀಸ್ನೋರು ಪಾಪ ಎತ್ತೋಕೆ ಹೋಗಿದ್ರಂತೆ. ಲಾಠಿ ಹಿಡ್ಕೊಂಡು ಎತ್ತೋಕೆ! ಅಲ್ಲಿ ನಾಲ್ಕು ಕ್ಯಾಮೆರಾ ಇದೆ. ನಿಮ್ಮಪ್ಪ ಹೆಲ್ಮೆಟ್ ಇಲ್ದೆ ಹಾಲು ತರೋಕೆ ಹೋದ್ರೆ ಮೂಗಿನ ಮೇಲಿನ ಮಚ್ಚೆ ಸಮೇತ ಫೋಟೋ ತೆಗ್ದು ಮನೆಗೆ ಕಳಿಸುತ್ತೆ. ಅವತ್ತು ಮಾತ್ರ ನಾಲ್ಕಕ್ಕೂ ಒಟ್ಟಿಗೆ ಜ್ವರ ಬಂದಿತ್ತಂತೆ. ಬರುತ್ತಮ್ಮ, ಯಂತ್ರಕ್ಕೂ ಸುಸ್ತಾಗಲ್ವಾ?

ನಗು, ನಗು. ಬಸ್‌ಸ್ಟಾಪಲ್ಲಿ ನಿಂತು ಅದನ್ನೆಲ್ಲ ನೀನು ವಿಡಿಯೋ ಮಾಡಿದೀಯ ಅಂತ ನಂಗೆ ಗೊತ್ತು. ಬೆಳಿಗ್ಗೆ ಆ ಆಟೋದೋನ ಹೆಂಡ್ತಿ ಅದನ್ನ ಕೇಳ್ಕೊಂಡು ಗೇಟ್ ಹತ್ರ ಬಂದಿದ್ಲಲ್ಲ, ಹೂವಿನಂಗಡಿಯೋಳು ನಮ್ಮನೆ ತೋರಿಸಿದ್ಲಂತೆ. ನಿಮ್ಮಪ್ಪ ಏನಂದ? "ಯಾವ ವಿಡಿಯೋನಮ್ಮ? ನಮ್ಮನೇಲಿ ಯಾರೂ ಏನೂ ನೋಡಿಲ್ಲ." ಗೇಟ್ ಹಾಕ್ದ. ಒಳಗೆ ಬಂದು ನಿಂಗೆ, "ಮೊದ್ಲು ಡಿಲೀಟ್ ಮಾಡು. ನಾಳೆ ನಿನ್ನ ಪಾಸ್‌ಪೋರ್ಟ್ ವಿಚಾರಣೆಗೆ ಅದೇ ಸ್ಟೇಷನ್ನಿಂದ ಬರ್ತಾರೆ." ಬುದ್ಧಿವಂತ, ನನ್ನ ಮಗ. ನಾನು ಇಲ್ಲೇ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದೆ, ಸುಲೀತಾನೇ ಇದ್ದೆ. ಆ ಹುಡುಗಿ ಗೇಟ್ ಸರಳು ಹಿಡ್ಕೊಂಡು ಒಂದು ನಿಮಿಷ ನಿಂತಿದ್ಲು ಕಣೆ, ಆಮೇಲೆ ಹೋದ್ಲು. ಆಮೇಲೆ ನೋಡಿದ್ರೆ ಕಾಳೆಲ್ಲ ಸಿಪ್ಪೆ ಬುಟ್ಟಿಗೆ ಹಾಕಿದೀನಿ. ಯಾಕೆ ಅಂತ ಹೇಳ್ತೀನಿ, ಕೂತ್ಕೋ. ನಿಮ್ಮ ತಾತ ಕೇಳಿಸ್ಕೊಳಲ್ಲ ಬಿಡು, ನ್ಯೂಸ್ ಶುರುವಾದ ತಕ್ಷಣ ಕಿವಿ ಮಿಷನ್ ತೆಗ್ದು ಜೇಬಿಗೆ ಹಾಕ್ಕೊಂಡಿದಾರೆ. ಆ ಸೌಕರ್ಯ ನಮಗಿಲ್ವೇ.

ಆಗ ನಾವು ಗಾಂಧಿ ಬಜಾರ್ ಫುಟ್‌ಪಾತಲ್ಲಿ ಸೊಪ್ಪು, ಬಾಳೆಕಂದು, ಬೂದುಗುಂಬಳ ಮಾರ್ತಿದ್ವಿ. ನಿಮ್ಮಪ್ಪ ತೊಟ್ಟಿಲಲ್ಲಿದ್ದ, ಅಲ್ಲ ಅಲ್ಲ, ತೊಟ್ಟಿಲಲ್ಲಿದ್ದಿದ್ದು ನಿಮ್ಮತ್ತೆ, ಇವನಿನ್ನೂ ನನ್ನ ಹೊಟ್ಟೇಲಿದ್ದ. ಸೀಮೆಎಣ್ಣೆಗೆ ಕ್ಯೂ, ರೇಷನ್ ಅಕ್ಕೀಲಿ ಅರ್ಧ ಕಲ್ಲು, ಮಾರದೆ ಬಾಡಿದ ಸೊಪ್ಪೇ ನಮ್ಮ ಸಾರು. ಪ್ರತಿ ವರ್ಷ ಆಯುಧಪೂಜೆಗೆ ಸ್ಟೇಷನ್ನಿಗೆ ಕುಂಬಳಕಾಯಿ ನಮ್ಮದೇ. ಯಾವ ಸ್ಟೇಷನ್ ಅಂತ ಕೇಳ್ಬೇಡ. ದುಡ್ಡು ಕೊಟ್ರಾ ಅಂತಾನೂ ಕೇಳ್ಬೇಡ, ದೇವರ ಕೆಲಸ ಅಲ್ವಾ! ಆ ದಿನ ಪೂಜೆಗಿಟ್ಟ ಆಯುಧ ಯಾರೂ ಮುಟ್ಟಲ್ಲ ನೋಡು, ಟೈಲರ್ ಮಿಷನ್ ತುಳಿಯಲ್ಲ, ನಿಮ್ಮ ತಾತ ಮಚ್ಚಿಗೆ ಕುಂಕುಮ ಇಟ್ಮೇಲೆ ಬಾಳೆಕಂದು ಕತ್ತರಿಸೋಕೂ ಒಪ್ತಿರ್ಲಿಲ್ಲ. ಅಷ್ಟು ನಂಬಿಕೆ. ಮುಂಚಿನ ದಿನಾನೇ ಒಂದು ಗಾಡಿ ಕುಂಬಳಕಾಯಿ ಸ್ಟೇಷನ್ನಿಗೆ ಹಾಕಿ ಬಂದಿದ್ರು. ಹಬ್ಬದ ಬೆಳಿಗ್ಗೆ ಒಬ್ಬ ಪೇದೆ ಮತ್ತೆ ಬಂದ. "ಏಯ್, ಸಾಹೇಬ್ರ ಮನೆ ಕಾರಿಗೆ ಇನ್ನೆರಡು ಎತ್ತು." ಇವರು, "ಇವತ್ತೊಂದು ದಿನ ನಮಗೂ ಮಾರ್ಕೊಳೋಕೆ ಬಿಡಿ ಸ್ವಾಮಿ" ಅಂದ್ರು. ಅಷ್ಟಕ್ಕೇ ನಿಲ್ಲಿಸ್ಬಾರ್ದಾ? ಹಬ್ಬದ ಖುಷಿ, ಸುತ್ತ ಜನ ಬೇರೆ. "ಇವತ್ತು ನಿಮ್ಮ ಲಾಠಿ ಪೂಜೆಗೆ ಕೂತಿದೆ, ಇವತ್ತು ನಿಮಗೆ ನಾನ್ಯಾಕೆ ಹೆದರ್ಲಿ?" ಅಂದ್ಬಿಟ್ರು. ಎಲ್ಲರೂ ನಕ್ರು, ನಾನೂ ನಕ್ಕೆ. ಪೇದೆನೂ ನಕ್ಕ ಕಣೆ. ನಕ್ಕೊಂಡೇ, "ಬಾರಪ್ಪ, ಪ್ರಸಾದ ಕೊಡ್ತೀವಿ" ಅಂತ ಕರ್ಕೊಂಡು ಹೋದ.

ಮಧ್ಯಾಹ್ನ ಆದ್ರೂ ಬರಲಿಲ್ಲ ಅಂತ ಮಗು ಕಂಕುಳಲ್ಲಿಟ್ಕೊಂಡು ಹೋದೆ. ಎಂಥಾ ಅಲಂಕಾರ ಅಂತೀಯ! ಬಾಗಿಲಿಗೆ ನಮ್ಮದೇ ಬಾಳೆಕಂದು. ಗೋಡೆಗೆ ಸಾಲಾಗಿ ಲಾಠಿ ಒರಗಿಸಿದಾರೆ, ಒಂದೊಂದಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ಒಂದೂ ಅಲುಗಾಡಿಲ್ಲ, ಶಾಸ್ತ್ರ ಅಂದ್ರೆ ಶಾಸ್ತ್ರ. ಬರೀ ಕೈಯಲ್ಲಿ ಹೊಡ್ದಿದ್ರು. ಕೈಗೆ ಯಾರೂ ಕುಂಕುಮ ಇಟ್ಟಿರ್ಲಿಲ್ಲವಲ್ಲ! ನಿಮ್ಮ ತಾತ ಆ ಲಾಠಿಗಳ ಕೆಳಗೇ ಕೂತಿದಾರೆ, ಎಡಗಿವಿ ಮುಚ್ಕೊಂಡಿದಾರೆ, ಬೆರಳ ಸಂದೀಲಿ ರಕ್ತ. ದಫೇದಾರ್ರು ಭಾರಿ ಮರ್ಯಾದಸ್ತರು, "ತಗೊಳ್ಳಮ್ಮ" ಅಂತ ನನ್ನ ಸೆರಗಿಗೆ ಕಡ್ಲೆಪುರಿ ಹಾಕಿದ್ರು. ಆಮೇಲೆ ಒಂದು ಕಾಗದ. "ನಿನ್ನ ಗಂಡ ಬಾತ್‌ರೂಮಲ್ಲಿ ಜಾರಿ ಬಿದ್ದ, ಕಿವಿಗೆ ಪೆಟ್ಟಾಯ್ತು. ಸೈನ್ ಹಾಕು, ಕರ್ಕೊಂಡು ಹೋಗು. ಇಲ್ಲಾಂದ್ರೆ ಹಬ್ಬ ಇಲ್ಲೇ ಮಾಡ್ಲಿ." ನಂಗೆ ಓದೋಕೆ ಬರ್ತಿರ್ಲಿಲ್ಲ ಅಂತ ಹೇಳಬಹುದಿತ್ತು ನಿಂಗೆ. ಬರ್ತಿತ್ತು. ನಾಲ್ಕನೇ ಕ್ಲಾಸು ಓದಿದ್ದೆ. ಒಂದೊಂದಕ್ಷರಾನೂ ಓದಿ, ಆಮೇಲೆ ಸೈನ್ ಹಾಕಿದೆ. ಹಾಕದೆ ಏನು ಮಾಡ್ತಿದ್ದೆ ಅಂತ ಈಗ್ಲೂ ನಂಗೇ ನಾನು ಕೇಳ್ಕೋತೀನಿ. ಜೊತೇಲಿ ಬಂದು ನೋಡಿದ್ದನ್ನ ಹೇಳೋರು ಒಬ್ಬರಿದ್ದಿದ್ರೆ ಹಾಕ್ತಿರ್ಲಿಲ್ವೇನೋ. ಬಜಾರಲ್ಲಿ ನಕ್ಕೋರು ಅಷ್ಟೂ ಜನ ಅವತ್ತು ಕುಂಬಳಕಾಯಿ ಒಡೆಯೋದ್ರಲ್ಲಿ ಬಿಜಿ.

ಹೋದ ತಿಂಗಳು ಕಿವಿ ಡಾಕ್ಟ್ರ ಹತ್ರ ಹೋಗಿದ್ವಲ್ಲ, ಅದಂತೂ ಇನ್ನೊಂದು ಸೋಜಿಗ. ಹುಣಸೆಬೀಜದಷ್ಟು ಮಿಷನ್, ಕಿವೀಲಿಟ್ರೆ ಅಡುಗೆಮನೆ ಕುಕ್ಕರ್ ಕೂಗಿದ್ದು ಬೀದೀಲಿ ಕೂತೋರಿಗೆ ಕೇಳುತ್ತೆ. ಅದನ್ನ ಕಂಡುಹಿಡಿದ ಪುಣ್ಯಾತ್ಮ ಯಾರೋ, ತಣ್ಣಗಿರಲಿ. ಆ ಡಾಕ್ಟ್ರು ಹುಡುಗಿ ಒಳಗೆಲ್ಲ ಲೈಟ್ ಬಿಟ್ಟು ನೋಡಿ, "ತಾತ, ಈ ಕಿವಿಗೆ ಭಾರಿ ಏಟು ಬಿದ್ದಿದೆ, ಏನಾಗಿತ್ತು?" ಅಂದ್ಲು. ನಿಮ್ಮ ತಾತ ಒಂದ್ಸಲ ನನ್ನ ಮುಖ ನೋಡಿದ್ರು. "ಬಾತ್‌ರೂಮಲ್ಲಿ ಜಾರಿ ಬಿದ್ದೆ ಕಣಮ್ಮ" ಅಂದ್ರು. ಅಲ್ಲಿ ಯಾವ ಪೊಲೀಸ್ನೋನೂ ಇರ್ಲಿಲ್ಲ ಸಿಂಧು. ನಾನೊಬ್ಬಳೇ ಇದ್ದಿದ್ದು.

ಈ ಸಂಗತಿ ನಿಮ್ಮಪ್ಪನಿಗೂ ಗೊತ್ತಿಲ್ಲ. ಅವನಿಗೂ ಬಾತ್‌ರೂಮ್ ಕತೆನೇ ಹೇಳಿ ಸಾಕಿದೀವಿ, ಅದಕ್ಕೇ ಇಷ್ಟು ಸಲೀಸಾಗಿ ಗೇಟ್ ಹಾಕೋಕೆ ಕಲ್ತಿದಾನೆ. ಪಾಸ್‌ಪೋರ್ಟ್ ಲೇಟಾದ್ರೆ ಆಗ್ಲಿ, ಅವನನ್ನ ನಾನು ನೋಡ್ಕೋತೀನಿ. ಎದ್ದೇಳು, ಚಪ್ಪಲಿ ಹಾಕ್ಕೋ, ಆ ಆಟೋದೋನ ಹೆಂಡ್ತಿ ಮನೆ ಹುಡುಕೋಣ, ಫೋನ್ ಮರೀಬೇಡ, ನೀನಿನ್ನೂ ಡಿಲೀಟ್ ಮಾಡಿಲ್ಲ ಅಂತ ನಂಗೆ ಗೊತ್ತು. ಒಂದ್ಸಲ ಸುಳ್ಳಿಗೆ ಸೈನ್ ಹಾಕಿಬಿಟ್ರೆ ಕಣೆ, ಮನೆಮಂದಿಯೆಲ್ಲ ಸಾಯೋತನಕ ಅದನ್ನೇ ಹೇಳ್ಕೊಂಡು ಬದುಕ್ಬೇಕು.