ಬಾವಿ ತಿರುವಿನಲ್ಲಿ ನಿಂತ ಡೋಲು

"ಬೆಂಕಿ ಆರಿಸ್ಬೇಡಿ, ಈಗ ಬಂದೆ."

ಅವನ ಹೆಂಡತಿ ಆಡಿದ ಕೊನೇ ಮಾತು ಅದು. ಕೈ ಒರೆಸಿಕೊಂಡು ಹೊರಟಳು... ಬರಲಿಲ್ಲ.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ ಕತೆ ಅಲ್ಲ. ಅವನ ಬೆನ್ನಿನ ಬಾಸುಂಡೆಗೆ ನಾನೇ ಎಣ್ಣೆ ಹಚ್ಚಿದ್ದೇನೆ.

ಎಲ್ಲರೂ ಅವನನ್ನು ಡೋಲಣ್ಣ ಅಂತಾರೆ. ಡೋಲಿಗೆ ಚರ್ಮ ಕಟ್ಟೋದು ಕೆಲಸ. ಅವನ ಊರಲ್ಲಿ ಎಷ್ಟು ದೇವರೋ ಅಷ್ಟು ಹಬ್ಬ, ಎಷ್ಟು ಹಬ್ಬವೋ ಅಷ್ಟು ಮೆರವಣಿಗೆ. ಡೋಲು ಮಾತ್ರ ಎಲ್ಲರಿಗೂ ಅವನ ಅಂಗಡಿಯದೇ. ಪಕ್ಕದ ಮಳಿಗೆಯ ಟೈಲರ್ ಬೇರೆ ಧರ್ಮದವನು. ಅವನೂ ಹಾಗೇ, ಎಲ್ಲರ ಬಾವುಟಾನೂ ಒಂದೇ ಮಿಷನ್ನಿನಲ್ಲಿ ಹೊಲಿಯೋನು. "ನಿನ್ನ ಚರ್ಮಕ್ಕೂ ನನ್ನ ದಾರಕ್ಕೂ ದೇವರು ಯಾರು ಅಂತ ಗೊತ್ತಾಗಲ್ಲ ಕಣೋ. ಹೊಟ್ಟೆ ಒಂದೇ ಗೊತ್ತು" ಅಂತ ನಗೋನು.

ಚರ್ಮ ತಂಡಿ ಹಿಡಿದರೆ ಸದ್ದು ಸಾಯುತ್ತೆ. ಅದಕ್ಕೇ ಅಂಗಡಿ ಮುಂದೆ ಯಾವಾಗಲೂ ಕೆಂಡ. ಡೋಲು ಕಾಯಿಸೋದು ಹೆಂಡತಿಯ ಪಾಲು. ಕಾಯಿಸಿ, ಒಂದು ಪೆಟ್ಟು ಕೊಟ್ಟು, ಎಡ ಅಂಗೈಯನ್ನು ಚರ್ಮದ ನಡುಮಧ್ಯಕ್ಕೆ ಒತ್ತೋಳು. ಸದ್ದು ಅಲ್ಲೇ ನಿಲ್ಲೋದು. ಆ ಕೈಯ ಕಿರುಬೆರಳಿಗೆ ತುದಿ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಚರ್ಮ ಕೊಯ್ಯುವ ಕತ್ತಿಗೆ ಹೋಗಿತ್ತು. "ಕಾಲಿಟ್ಟ ಮನೆಗೆ ಬೆರಳೇ ಕೊಟ್ಟಿದ್ದೀನಿ, ಇನ್ನೇನು ಕೊಡ್ಲಿ" ಅಂತ ರೇಗಿಸೋಳು.

ಊರ ನಡುವೆ ಒಂದು ಬಾವಿ. ಅಲ್ಲಿ ರಸ್ತೆ ತಿರುಗುತ್ತೆ. ಇಕ್ಕಟ್ಟು. ಎರಡು ಮೆರವಣಿಗೆ ಎದುರಾದರೆ ಎರಡರ ಡೋಲೂ ನಿಲ್ಲಬೇಕು. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ಅಜ್ಜಂದಿರ ಕಾಲದಿಂದ ಹಾಗೇ. ಒಂದು ಕಡೆಯವರ ಹಬ್ಬ ಚಂದ್ರನ ಲೆಕ್ಕದ್ದು, ಇನ್ನೊಂದು ಕಡೆಯವರದು ಸೂರ್ಯನ ಲೆಕ್ಕದ್ದು. ಎದುರಾಗೋದೇ ಅಪರೂಪ. ಹೋದ ವರ್ಷ ಎರಡೂ ಒಂದೇ ದಿನ ಬಿದ್ದವು.

ಅವತ್ತು ಒಂದು ಡೋಲು ನಿಲ್ಲಲಿಲ್ಲ.

ಅಂಗಡಿವರೆಗೂ ಕೇಳಿಸಿತು. ಢಣ್ ಢಣ್ ಢಕ್ಕ... ಢಣ್ ಢಣ್ ಢಕ್ಕ. ತಾನೇ ಕಟ್ಟಿದ ಚರ್ಮದ ಸದ್ದು ಅವನಿಗೆ ಗೊತ್ತಾಗಲ್ವಾ? ಗುಡುಗನ ಡೋಲು. ಗುಡುಗ ಅಂದರೆ ಇವರದೇ ಧರ್ಮದ, ಇವರದೇ ಬೀದಿಯ ಡೋಲು ಬಡಿಯೋನು. ಹೆಂಡತಿ ಓಡಿದ್ದು ಅದನ್ನು ನಿಲ್ಲಿಸೋಕೇ.

ಆಮೇಲೆ ಕಲ್ಲು ಬಿದ್ದವು. ಬಾಟಲಿ ಒಡೆದವು. ಬಾವುಟದ ಕೋಲುಗಳು ತಲೆಗಳ ಮೇಲೆ ಮುರಿದವು. ಒಬ್ಬನ ಕೆನ್ನೆ ಹರಿದು ಹಲ್ಲಿನ ಸಾಲು ಹೊರಗೆ ಕಾಣ್ತಿತ್ತು. ಡೋಲಣ್ಣ ಜನರನ್ನು ಸೀಳಿಕೊಂಡು ಹೋಗೋ ಹೊತ್ತಿಗೆ ಅವಳು ಎಲ್ಲರ ಕಾಲಡಿ ಆಗಿದ್ದಳು. ಮುಖ ಗುರುತು ಸಿಗಲಿಲ್ಲ. ಬೆರಳು ನೋಡಿ ಹೆಂಡತಿ ಅಂತ ತಿಳಿದ.

ಅವತ್ತಿಂದ ಅಂಗಡಿ ಮುಂದಿನ ಕೆಂಡ ಆರಲು ಬಿಡಲಿಲ್ಲ. ನಡುರಾತ್ರಿ ಎದ್ದೆದ್ದು ಇದ್ದಿಲು ಹಾಕೋನು. ಈಗ ಬಂದೆ ಅಂದಿದ್ದಳಲ್ಲ.

ವರ್ಷ ತಿರುಗಿತು. ಇವರ ಕಡೆಯ ಹಬ್ಬ ನಾಳೆ. ಗುಡುಗ ಯಾರದೋ ಕೈಲಿ ತನ್ನ ಹರಿದ ಡೋಲು ಕಳಿಸಿದ್ದ. ಡೋಲಣ್ಣ ಎರಡೂ ಬಾಯಿಗೆ ಹೊಸ ಚರ್ಮ ಹೊದಿಸಿ ಹಗ್ಗ ಬಿಗಿದ. ರಾತ್ರಿ ಬೀದಿ ಮಲಗಿದ ಮೇಲೆ ಡೋಲು ಹೆಗಲಿಗೆ ಹಾಕಿಕೊಂಡ.

ಟೈಲರ್ ಇನ್ನೂ ಬಾವುಟ ಹೊಲೀತಿದ್ದ. "ಇಷ್ಟೊತ್ತಿನಲ್ಲಿ ಎಲ್ಲಿಗೆ?"

"ಗುಡುಗನ ಮನೆಗೆ. ಡೋಲು ಕೊಟ್ಟು ಬರ್ತೀನಿ."

"ಬೆಳಿಗ್ಗೆ ಅವನೇ ಬರಲ್ವಾ... ಸೊಂಟದಲ್ಲಿ ಏನದು?"

"ಕತ್ತಿ."

"ಡೋಲು ಕೊಡೋಕೆ ಕತ್ತಿ ಯಾಕೋ?"

ಡೋಲಣ್ಣ ನಡೆದೇಬಿಟ್ಟ. ಹಿಂದೆ ಮಿಷನ್ ಸದ್ದು ನಿಂತಿತು.

ಬಾವಿ ಹತ್ತಿರ ಬಂತು. ಗಾಳಿ ಇಲ್ಲ. ರಾಟೆಯ ಸರಪಳಿ ಮಾತ್ರ... ಕಿರ್‌... ಕಿರ್‌... ಕಟ್ಟೆ ಮೇಲೆ ಒಬ್ಬ ಕೂತಿದ್ದ. ಬೆರಳಿನಿಂದ ಕಲ್ಲು ಬಡೀತಿದ್ದ. ಟಕ್ ಟಕ್ ಟಕ್ಕ... ಅದೇ ಪೆಟ್ಟು.

ಗುಡುಗ.

"ಅಣ್ಣ" ಅಂದ ಪಿಸುದನಿಯಲ್ಲಿ. "ನಿದ್ದೆ ಬರಲ್ಲ. ದಿನಾ ಇಲ್ಲೇ ಬಂದು ಕೂರ್ತೀನಿ."

"ಯಾಕೆ ನಿಲ್ಲಿಸಲಿಲ್ಲ ಅವತ್ತು?"

"ಅವರು ಮೊದಲು ನಿಲ್ಲಿಸಲಿ ಅಂತ ಇದ್ದೆ."

"ಅವರು ನಿಲ್ಲಿಸಿದ್ರು."

"ಹೂಂ..." ಗುಡುಗ ತಲೆ ಎತ್ತಲಿಲ್ಲ. "ಅತ್ತಿಗೆ ಬಂದು ಚರ್ಮದ ಮೇಲೆ ಕೈ ಇಟ್ರು. ಇಷ್ಟು ಜನರ ಮುಂದೆ ನನ್ನ ಡೋಲು ನಿಲ್ಲಿಸೋಕೆ ಇವರ್ಯಾರು ಅನ್ನಿಸ್ತು. ಕೈ ಮೇಲೇ ಹೊಡೆದೆ. ಕೈ ಅಂತ ಗೊತ್ತಿತ್ತು ಅಣ್ಣ... ಮತ್ತೆ ಹೊಡೆದೆ. ಬಿದ್ರು."

ಡೋಲಣ್ಣ ಡೋಲು ಕೆಳಗಿಟ್ಟ. ಮೆಲ್ಲಗೇ ಇಟ್ಟ. ಗುಡುಗನ ಕೂದಲು ಹಿಡಿದು ಹಣೆಯನ್ನು ಕಟ್ಟೆಗೆ ಚಚ್ಚಿದ. ಧಪ್. ಮತ್ತೆ ಧಪ್. ರಕ್ತ ಕಣ್ಣಿಗಿಳಿಯಿತು. ಗುಡುಗ ಕೈ ಎತ್ತಲಿಲ್ಲ. ಅದು ಇನ್ನೂ ಸಿಟ್ಟು ಬರಿಸಿತು. ಅಂಗಾತ ಕೆಡವಿ, ಎದೆ ಮೇಲೆ ಮಂಡಿಯೂರಿ, ಕತ್ತಿ ಕುತ್ತಿಗೆಗೆ ಇಟ್ಟ. ತೊಗಲು ಬಿರಿಯಿತು. ಎಷ್ಟು ಒತ್ತಿದರೆ ಎಷ್ಟು ಆಳ ಇಳಿಯುತ್ತೆ ಅಂತ ಆ ಕೈಗೆ ಗೊತ್ತು.

ಆಗ...

ಢಣ್ ಢಣ್ ಢಕ್ಕ.

ಡೋಲು ನಾಲ್ಕು ಹೆಜ್ಜೆ ಆಚೆ ನೆಲದ ಮೇಲಿತ್ತು. ಸುತ್ತ ಯಾರೂ ಇಲ್ಲ. ಬಡಿಯೋ ಕೋಲು ಗುಡುಗನ ಮನೆಯಲ್ಲಿತ್ತು. ಢಣ್ ಢಣ್ ಢಕ್ಕ... ಜೋರಾಯಿತು.

ಮೊದಲ ಪೆಟ್ಟು ಡೋಲಣ್ಣನ ಬೆನ್ನಿಗೆ ಬಿತ್ತು. ತಿರುಗಿ ನೋಡಿದ. ಬರೀ ಕತ್ತಲು. ಇನ್ನೊಂದು, ಪಕ್ಕೆಗೆ. ಕತ್ತಿ ಹಾರಿ ಹೋಯಿತು... ಸ್ವಲ್ಪ ಹೊತ್ತು ಬಿಟ್ಟು ಬಾವಿಯೊಳಗಿಂದ, ಬ್ಳಪ್. ಕಾಲುಗಳು ಬಂದವು. ಕಾಣೋದಿಲ್ಲ, ತುಳಿಯುತ್ತವೆ. ಚಪ್ಪಲಿ, ಬೂಟು, ಬರಿಗಾಲು, ಎಲ್ಲ ಬೇರೆಬೇರೆ ಗೊತ್ತಾಗ್ತಿತ್ತು. ಗುಡುಗ ಬಲಗೈಯಿಂದ ಮುಖ ಮುಚ್ಚಿಕೊಂಡ. ಮುಂಗೈ ಒಣ ಕಟ್ಟಿಗೆ ಥರ ಲಟಕ್ ಅಂತು. ಚೀರಿದ. ಡೋಲು ಜೋರಾದ ಹಾಗೆಲ್ಲ ಪೆಟ್ಟೂ ಜೋರು. ಯಾರ ಕಡೆಯವರು, ಯಾವ ದೇವರವರು... ಆ ಕಾಲುಗಳಿಗೆ ಅದೆಲ್ಲ ಬೇಕಿರಲಿಲ್ಲ. ಇಬ್ಬರನ್ನೂ ಒಂದೇ ಸಮ ತುಳಿದವು.

ಹೀಗೇ ಹೋದಳು ಅವಳು. ಡೋಲಣ್ಣನಿಗೆ ಆಗ ಗೊತ್ತಾಯಿತು.

ತೆವಳಿದ. ಬಾಯಲ್ಲಿ ಮಣ್ಣು, ರಕ್ತ. ಡೋಲಿನ ಮೇಲೆ ಬಿದ್ದು ಅಂಗೈ ಒತ್ತಿದ. ನಿಲ್ಲಲಿಲ್ಲ. ಎರಡೂ ಕೈ ಒತ್ತಿದ. ಚರ್ಮ ಅವನ ಕೈಯನ್ನೇ ಎತ್ತಿ ಎತ್ತಿ ಒಗೆಯಿತು. "ಆಗ್ತಿಲ್ಲ ಕಣೇ" ಅಂದ. ಪಿಸುಮಾತಿನಲ್ಲೇ.

ಒಳಗಿಂದ ಒಂದು ಅಂಗೈ ಬಂದು ಅವನ ಅಂಗೈಗೆ ತಗುಲಿತು. ಚರ್ಮದ ಆ ಕಡೆಯಿಂದ. ಬಿಸಿಯಾಗಿತ್ತು... ಈಗತಾನೇ ಕೆಂಡದ ಹತ್ತಿರ ಇದ್ದ ಕೈಯ ಹಾಗೆ.

ಸದ್ದು ನಿಂತಿತು. ಕಾಲುಗಳೂ ನಿಂತವು. ಸರಪಳಿ ಕಿರ್‌ ಅಂತಿತ್ತು, ಅಷ್ಟೆ.

"ಯಾರಣ್ಣ ನಿಲ್ಲಿಸಿದ್ದು?" ಅಂದ ಗುಡುಗ.

"ಸುಮ್ಮನಿರು."

ಟೈಲರ್ ಲಾಟೀನು ಹಿಡಿದು ಓಡಿ ಬಂದ. ಒಬ್ಬರನ್ನು ಒಬ್ಬರು ಕೊಂದುಕೊಂಡಿದ್ದಾರೆ ಅಂತಲೇ ತಿಳಿದಿದ್ದನಂತೆ. ಡೋಲಣ್ಣನನ್ನು ಒಂದು ಹೆಗಲಿಗೆ, ಗುಡುಗನನ್ನು ಇನ್ನೊಂದು ಹೆಗಲಿಗೆ ಆನಿಸಿಕೊಂಡ. "ಈ ವಯಸ್ಸಿನಲ್ಲಿ ನಿಮ್ಮಿಬ್ಬರನ್ನೂ ಹೊರಬೇಕಾ ನಾನು" ಅಂತ ಬೈದುಕೊಂಡೇ ಬಂದ. ಅಳ್ತಾನೂ ಇದ್ದ.

ಬೆಳಕು ಹರಿದ ಮೇಲೆ ಡೋಲು ತಂದರು. ಚರ್ಮದ ನಡುಮಧ್ಯೆ ಒಂದು ಅಂಗೈ ಗುರುತು. ಟೈಲರ್ ಬಟ್ಟೆ ತಗೊಂಡು ಒರೆಸಿದ. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ. ಬೆಳಕಿಗೆ ಹಿಡಿದ ಮೇಲೆ ಗೊತ್ತಾಯಿತು, ಗುರುತು ಇರೋದು ಒಳಮೈಗೆ. ಎರಡೂ ಬಾಯಿ ಕಟ್ಟಿದ ಡೋಲು ಅದು. ಕೈ ಹೋಗೋಕೆ ದಾರಿ ಎಲ್ಲಿದೆ? ಕಿರುಬೆರಳು ಗಿಡ್ಡ.

ನಂಬೋರು ನಂಬಿ, ಬಿಡೋರು ಬಿಡಿ. ನಾನು ನನ್ನ ಕೈಯನ್ನು ಆ ಗುರುತಿನ ಮೇಲಿಟ್ಟು ನೋಡಿದ್ದೇನೆ. ನನ್ನ ಕೈ ದೊಡ್ಡದಾಯಿತು.

ಅವತ್ತು ಬೆಳಿಗ್ಗೆ ಡೋಲಣ್ಣ ಗೋಡೆ ಹಿಡಿದುಕೊಂಡು ಎದ್ದ. ಒಂದು ಕೊಡ ನೀರು ತಂದ. ಅಂಗಡಿ ಮುಂದಿನ ಕೆಂಡದ ಮೇಲೆ ಸುರಿದು ಬೆಂಕಿ ಆರಿಸಿದ.