ಇನೋಕೆಯ ಚಪ್ಪಾಳೆ

ಕೂತ್ಕೊಳ್ಳಿ. ಈಗಲೇ ಎದ್ದು ಎಲ್ಲಿಗೆ ಹೊರಟಿರಿ? ಈ ಕತ್ತಲಲ್ಲಿ ಆಲದ ಮರ ದಾಟಿಕೊಂಡು ಹೋಗಬೇಕು. ಬಟ್ಟಲಲ್ಲಿ ಬೇರು ಕುಟ್ಟಿ ಕಲಸಿದ ಯಂಗೋನ ಇನ್ನೂ ಇದೆ. ಇನ್ನೊಂದು ಚಿಪ್ಪು ಕುಡಿದು ಹೋಗುವಿರಂತೆ.

ಮತ್ತೆ... ಸಂಜೆ ನೀವು ನಕ್ಕಿದ್ದನ್ನು ನಾನು ನೋಡಿದೆ. ಇನೋಕೆ ಮಗಳನ್ನು ಕೋಳಿ ಕರೆದ ಹಾಗೆ ಚಪ್ಪಾಳೆ ತಟ್ಟಿ ಕರೆಯುತ್ತಾನೆ ಅಂತ ನಕ್ಕಿರಿ. ನನಗೆ ಮೈಯೆಲ್ಲ ಉರಿಯಿತು. ಇನೋಕೆ ನನ್ನ ಸೋದರಮಾವನ ಮಗ, ವರಸೆಯಲ್ಲಿ ಭಾವ. ಅವನನ್ನು ಗೇಲಿ ಮಾಡುವ ಹಕ್ಕು ನನಗಿದೆ, ನಿಮಗಿಲ್ಲ. ಯಾಕೆ ಚಪ್ಪಾಳೆ ಅಂತ ಹೇಳುತ್ತೇನೆ. ಆಮೇಲೆ ನಗಿ, ನೋಡೋಣ.

ಆಗ ಲೂತೆ ಇನ್ನೂ ಶಾಲೆಗೆ ಸೇರಿರಲಿಲ್ಲ. ಒಬ್ಬಳೇ ಮಗಳು, ಅಪ್ಪನ ಬಾಲ. ಅವನು ಮೂಲೆಯಲ್ಲಿ ಕೆಮ್ಮಿದರೂ ಓಡಿ ಬರುತ್ತಿದ್ದಳು. ಇನೋಕೆಯ ಹೆಂಡತಿ ಲೋಸಲಿನಿಯ ತಮ್ಮನಿಗೆ ಲೌಟೋಕದ ಕಡೆ ಮದುವೆ. ನನ್ನ ವ್ಯಾನು ಕೇಳಿ ತೆಗೆದುಕೊಂಡು ಸುವಾದಿಂದ ಅವರು ಮೂವರೇ ಹೊರಟರು. ಚಾಪೆ, ಬಟ್ಟೆ, ಸೀಮೆಎಣ್ಣೆ ಡಬ್ಬ, ಉಡುಗೊರೆಗೆ ಏನೂ ಕಡಿಮೆ ಇರಲಿಲ್ಲ. ಆದರೂ ನಮ್ಮ ಜಂಬದ ಭಾವನಿಗೆ ಸಮಾಧಾನವಿಲ್ಲ. ಹೆಂಡತಿಯ ಊರಲ್ಲಿ ದೊಡ್ಡ ಏಡಿಗಳ ಗೊಂಚಲು ಎತ್ತಿ ಹಿಡಿದುಕೊಂಡೇ ಇಳಿಯಬೇಕಂತೆ!

"ಅಳಿವೆ ಕಡೆ ಹೋಗಿ ಬಂದುಬಿಡೋಣ, ಅಲ್ಲಿ ಏಡಿ ಮಾರ್ತಾರೆ" ಅಂದ. ದೊಡ್ಡ ರಸ್ತೆ ಬಿಟ್ಟು ಕಬ್ಬಿನ ಗದ್ದೆಗಳ ನಡುವೆ ಗಾಡಿ ತಿರುಗಿಸಿದ.

ಅಳಿವೆಯಲ್ಲಿ ಮಾರುವವರು ಯಾರೂ ಇರಲಿಲ್ಲ. ಸಮುದ್ರ ಇಳಿದಿತ್ತು. ನದಿ ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಕಾಂಡ್ಲ ಗಿಡಗಳ ಹಿಂದೆ ಹಳೇ ಕೋಟೆ... ಸುತ್ತ ಕಂದಕ, ಕುಸಿದ ಕಲ್ಲುಗೋಡೆ, ಮನೆಗಳಿದ್ದ ದಿಬ್ಬಗಳು. ಆ ಕೋಟೆಯವರ ಕುಲವೇ ಅಳಿದುಹೋಗಿದೆ. ನಮ್ಮಜ್ಜನ ಕಾಲಕ್ಕೇ ಅಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ.

ಆದರೆ ಕಂದಕದ ಅಂಚಿನಲ್ಲಿ ಒಂದು ಗೂಟ. ಗೂಟಕ್ಕೆ ನಾರಿನಲ್ಲಿ ಕಟ್ಟಿದ ಏಡಿಗಳ ಗೊಂಚಲು. ಜೀವಂತ. ಕರ್... ಕರ್... ಅಂತ ಕಾಲು ಕೆರೆಯುತ್ತಿದ್ದವು.

ಲೋಸಲಿನಿ ವ್ಯಾನಿನಿಂದಲೇ ಹೇಳಿದಳು. "ಬೇಡ ಲೂತೆ ಅಪ್ಪಾ. ಯಾರದ್ದೋ ಏನೋ."

"ಕೇಳಿ ತಗೊಂಡ್ರೆ ಕಳ್ಳತನ ಆಗುತ್ತಾ?" ಅಂದ ಇನೋಕೆ. ಗೊಂಚಲು ಬಿಚ್ಚಿ ಕೈಯಲ್ಲಿ ಹಿಡಿದು, ಕೋಟೆಯ ಕಡೆ ಬಾಯಿ ಮಾಡಿ ಕೂಗಿದ.

"ತೌವು! ನಿಮ್ಮ ಏಡಿ ತಗೊಂಡೆ ಕಣ್ರೋ!"

ತೌವು ಅಂದರೆ ನಿಮಗೆ ಗೊತ್ತೇ ಇದೆ. ಒಂದೇ ಮೂಲದೇವರನ್ನು ನಂಬಿದ ಎರಡು ಊರಿನವರು. ತೌವು ಊರಿನವನು ಬಂದು ನಿನ್ನ ಹಿತ್ತಲಿನ ಕೋಳಿ ಹಿಡಿದುಕೊಂಡು ಹೋದರೆ, ನಿನ್ನ ಮೂತಿಗೇ ಬೈದರೆ, ನೀನು ನಗಬೇಕು ಅಷ್ಟೇ. ನಾಳೆ ನೀನು ಹೋಗಿ ಅವನ ಹಂದಿ ಹಿಡಿದು ತಂದರೂ ಅವನು ತುಟಿಪಿಟಿಕ್ ಅನ್ನುವಂತಿಲ್ಲ. ಆದರೆ ನಮಗೂ ಆ ಕೋಟೆಗೂ ಯಾವ ತೌವೂ ಇಲ್ಲ. ಏಡಿಯ ಆಸೆಗೆ ಸುಳ್ಳು ಹೇಳಿದ.

ಆಮೇಲೆ ದಿಬ್ಬಗಳ ಆಚೆಯಿಂದ ಒಂದು ಮುದುಕಿಯ ದನಿ.

"ತೌವಾ?... ನಮಗೆ ಇನ್ನೂ ತೌವು ಉಳಿದಿದ್ದಾರಾ?"

"ಉಳಿದಿದ್ದೀವಿ ಕಣೇ ಮುದುಕಿ! ನಿಮ್ಮೂರಲ್ಲಿ ಏಡಿ ಕಡಿಯೋಕೆ ಯಾರಿಗೆ ಹಲ್ಲಿದೆ? ಅದಕ್ಕೇ ನಾನು ತಗೊಂಡೆ!"

ಮುದುಕಿ ನಕ್ಕಳು. ಒಣ ತೆಂಗಿನ ಗರಿ ಉಜ್ಜಿದ ಹಾಗಿತ್ತಂತೆ ಆ ನಗು. "ಬಾವಲಿ ಮೂತಿಯವನೇ! ನನ್ನದು ನೀನು ತಗೊಂಡೆ. ನಿನ್ನದು ನಾನು ತಗೊಳ್ಳಲಾ?"

"ತಗೋ, ತಗೋ! ಏನು ಬೇಕೋ ತಗೋ!"

ಯಾವ ಗಂಡಸು ಹಾಗನ್ನುತ್ತಿರಲಿಲ್ಲ ಹೇಳಿ? ನಾನಾದರೂ ಅನ್ನುತ್ತಿದ್ದೆ. ತೌವು ಹತ್ತಿರ ಇಲ್ಲ ಅನ್ನುವುದುಂಟೇ?

ಪಚಕ್... ಪಚಕ್... ಕಂದಕದ ಕೆಸರಿನಲ್ಲಿ ಕಾಲು ಎತ್ತಿ ಇಡುವ ಸದ್ದು. ಹತ್ತಿರ ಬರುತ್ತಿತ್ತು. ಕಾಲು ಮಾತ್ರ ಕಾಣಲಿಲ್ಲ.

"ಲೂತೆ ಅಪ್ಪಾ..." ಲೋಸಲಿನಿ ಪಿಸುಗುಟ್ಟಿದಳು. "ಇಲ್ಲಿ ಊರೇ ಇಲ್ಲವಲ್ಲ. ಹೊಗೆ ಇಲ್ಲ, ನಾಯಿ ಇಲ್ಲ. ಯಾರ ಹತ್ರ ಮಾತಾಡ್ತಿದ್ದೀಯ?"

ಆಗ ಇನೋಕೆಯ ನಗು ನಿಂತಿತು. ಓಡಿ ಬಂದು ಗಾಡಿ ಹತ್ತಿದ. ಬೀಗದ ಕೈ ತಿರುಗಿಸುವಷ್ಟರಲ್ಲಿ ಹಿಂದಿನ ಬಾಗಿಲು ಸರ್ರ್... ಅಂತ ತೆರೆದುಕೊಂಡಿತು.

ತಿರುಗಿ ನೋಡಿದರೆ ಲೂತೆ ಇಲ್ಲ.

ಮಗು ಕಂದಕದ ಕಡೆ ನಡೆದುಕೊಂಡು ಹೋಗುತ್ತಿತ್ತು. ಬಲಗೈ ಮೇಲಕ್ಕೆತ್ತಿತ್ತು, ದೊಡ್ಡವರ ಕೈ ಹಿಡಿದ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಲೂತೇ!"

ತಿರುಗಿ ನೋಡಿತು. ನಕ್ಕಿತು. "ಅಪ್ಪಾ, ಅಜ್ಜಿ ಬಾ ಅಂತಿದ್ದಾಳೆ."

ಲೋಸಲಿನಿ ಕೆಸರಿಗೆ ಹಾರಿ ಮಗುವಿನ ಎಡಗೈ ಹಿಡಿದಳು. ಎಳೆದರೆ ಬರಲೊಲ್ಲದು. ಆ ಕಡೆಯಿಂದಲೂ ಎಳೆಯುತ್ತಿತ್ತು. ಮಗು "ಅಮ್ಮಾ, ನೋವು" ಅಂತ ಅಳತೊಡಗಿತು.

"ಬಿಡು" ಅಂದಿತು ದನಿ, ಕಿವಿಯ ಪಕ್ಕದಲ್ಲೇ. ಈಗ ಅದರಲ್ಲಿ ನಗು ಇರಲಿಲ್ಲ. "ಇವಳಪ್ಪ ಕೊಟ್ಟಿದ್ದಾನೆ."

ಇನೋಕೆ ಗಾಡಿಯಿಂದ ಇಳಿದು ಓಡಿ ಬಂದು ಏಡಿಗಳ ಗೊಂಚಲನ್ನು ಕಂದಕಕ್ಕೆ ಎಸೆದ. "ತಗೋ ನಿನ್ನ ಏಡಿ! ನಾನು ನಿನ್ನ ತೌವು ಅಲ್ಲ! ಸುಳ್ಳು ಹೇಳ್ದೆ! ತಪ್ಪಾಯ್ತು ತಾಯೀ!"

ಗೊಂಚಲು ಬಿದ್ದ ಸದ್ದೇ ಬರಲಿಲ್ಲ.

"ಕೂಗಿದ್ದು ನೀನು" ಅಂದಿತು ದನಿ. "ಓಗೊಟ್ಟಿದ್ದು ನಾನು. ಆಯ್ತಲ್ಲ, ತೌವು."

ಇನೋಕೆ ಕೆಸರಲ್ಲಿ ಮಂಡಿಯೂರಿ ಅತ್ತ. ಅವನಿಂದ ಏನೂ ಆಗಲಿಲ್ಲ. ಆಗ ಲೋಸಲಿನಿ ಬಾಯಿ ತೆರೆದಳು, ಮಗುವಿನ ಕೈ ಬಿಡದೆ.

"ಏಯ್ ಮುದುಕಿ. ಇವನೂರು ನನ್ನೂರಲ್ಲ. ನಾನು ನಿನ್ನನ್ನು ಕೂಗಲಿಲ್ಲ, ನಿನ್ನ ಏಡಿ ಮುಟ್ಟಲಿಲ್ಲ. ನನಗೂ ನಿನಗೂ ತಮಾಷೆ ಇಲ್ಲ. ಹೆತ್ತಿದ್ದು ನಾನು. ನಾನು ಕೊಡಲ್ಲ."



"ಸರಿ" ಅಂದಿತು ದನಿ ಕೊನೆಗೆ. "ನಿನ್ನ ಪಾಲು ನಿನಗೆ ಇರಲಿ. ಅವನ ಪಾಲು ನಾನು ತಗೊಂಡೆ."

ಟಕ್. ಏಡಿಯ ಕಾಲು ಮುರಿದಂಥ ಸದ್ದು. ಮಗು ಅಮ್ಮನ ಮಡಿಲಿಗೆ ಬಂದು ಬಿತ್ತು.

ಕೈ, ಕಾಲು, ಬೆರಳು... ಎಲ್ಲ ನೋಡಿದರು. ಒಂದು ಗೀರೂ ಇರಲಿಲ್ಲ. ದೊಡ್ಡ ರಸ್ತೆ ಸೇರುವವರೆಗೂ ಇನೋಕೆ "ಲೂತೆ... ಮಗಳೇ... ಲೂತೆ..." ಅಂತ ಕರೆಯುತ್ತಲೇ ಇದ್ದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅಮ್ಮ ಕರೆದಾಗ ತಿರುಗಿದಳು. ಆಮೇಲೆ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು.

"ಅಮ್ಮಾ, ಅಪ್ಪ ಯಾಕೆ ಬಾಯಿ ಮಾತ್ರ ಅಲ್ಲಾಡಿಸ್ತಾನೆ?"

ಇದನ್ನು ನನಗೆ ಹೇಳಿದ್ದು ಲೋಸಲಿನಿ. ಪಕ್ಕದಲ್ಲೇ ಇನೋಕೆ ತಲೆ ತಗ್ಗಿಸಿ ಕೂತಿದ್ದ, ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ಡಾಕ್ಟರಿಗೆ ತೋರಿಸಿದ್ದಾಯಿತು. ಕಿವಿ ಚೆನ್ನಾಗಿದೆ ಅಂದರು. ಇರುವೆ ಹರಿದರೂ ಕೇಳಿಸುತ್ತೆ ಅವಳಿಗೆ. ಚರ್ಚಿನಲ್ಲಿ ಹಾಡುತ್ತಾಳೆ, ಹಿಂದಿನ ಸಾಲಿನಲ್ಲಿ ಅಪ್ಪನೂ ಹಾಡುತ್ತಾನೆ, ನಮ್ಮೂರಲ್ಲೇ ಅಂಥ ಕಂಠ ಇನ್ನೊಂದಿಲ್ಲ. ಅವಳಿಗೆ ಮಿಕ್ಕವರೆಲ್ಲರ ದನಿ ಕೇಳುತ್ತೆ.

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದು ಹೋಗಲಿ. ನಂಬದಿದ್ದರೆ ಬಿಡಿ. ಸ್ವಲ್ಪ ಸುಮ್ಮನಿರಿ... ಹೂಂ, ಅದೋ. ಆಲದ ಮರದ ಆ ಪಕ್ಕದ ಮನೆಯಿಂದ.

ಟಪ್... ಟಪ್.

ಮಗಳನ್ನು ಮಲಗೋಕೆ ಕರೀತಿದ್ದಾನೆ.